ಹಸಿರು ಬಂದರೆ ಗಾಡಿ ವಾಪಸ್

ಕಳೆದ ವಾರ ಹೊಸಪೇಟೆಯ ಬಸ್ ನಿಲ್ದಾಣದ ಹಿಂದೆ ಯಾರೋ ಹಳೆಯ ಫ್ಲೆಕ್ಸ್ ಬ್ಯಾನರುಗಳನ್ನು ಗುಡ್ಡೆ ಹಾಕಿ ಸುಡುತ್ತಿದ್ದರು. ಮೂಗಿಗೆ ಚುಚ್ಚುವ, ಗಂಟಲಲ್ಲೇ ಕೂತುಬಿಡುವ ಹೊಗೆ. ನನ್ನ ಬಸ್ಸು ಬಂತು, ಹೋಯಿತು, ಹತ್ತಲಾಗಲಿಲ್ಲ. ಹಳೆಯ ಕಾರ್ಖಾನೆಯ ಲ್ಯಾಬ್ ಸಾರ್ ನೆನಪಾಗಿದ್ದರು...

ಗಣಿಯ ಭರಾಟೆಯ ವರ್ಷಗಳವು. ಸಂಡೂರಿನಿಂದ ಅದಿರಿನ ಲಾರಿಗಳು ಮುಗಿಯದ ಸಾಲಿನಂತೆ ಬರುತ್ತಿದ್ದವು. ನಾನು ಒಂದು ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗುವ ಗುಮಾಸ್ತ. ಕಲ್ಲಿದ್ದಲು ತುಟ್ಟಿಯಾಗಿತ್ತು. ಭಟ್ಟಿಯಲ್ಲಿ ಅದರ ಜೊತೆಗೆ ಕಸವನ್ನೂ ಉರಿಸಲು ನಮ್ಮವರು ಶುರುಮಾಡಿದ್ದರು. ಅದಿರಿನ ಲಾರಿಗಳ ಸವೆದ ಟಯರಿನ ಚೂರು, ಕಂಪ್ಲಿಯ ರೈಸ್ ಮಿಲ್ಲುಗಳ ಹೊಟ್ಟು, ಪ್ಲಾಸ್ಟಿಕ್, ಎಲ್ಲವೂ ಬರುತ್ತಿತ್ತು. ಬಂದ ಲೋಡನ್ನು ಪರೀಕ್ಷಿಸಿ ಒಳಗೆ ಬಿಡುವುದು ಲ್ಯಾಬ್ ಸಾರ್ ಕೆಲಸ.

ಅವರ ಸಾಮಾನು ನನ್ನ ಕೋಣೆಯ ಮೇಜಿನ ಮೇಲೆಯೇ ಇರುತ್ತಿತ್ತು: ಒಂದು ಸ್ಪಿರಿಟ್ ದೀಪ, ಒಂದು ತಾಮ್ರದ ತಂತಿ. ಕಾಯಿಸಿದ ತಂತಿಯನ್ನು ಪ್ಲಾಸ್ಟಿಕ್ಕಿಗೆ ಒತ್ತಿ ಮತ್ತೆ ಜ್ವಾಲೆಗೆ ಹಿಡಿಯುತ್ತಿದ್ದರು. ಜ್ವಾಲೆ ಹಸಿರಾದರೆ ಗಾಡಿ ವಾಪಸ್.

"ಹಸಿರು ಬಂತಂದ್ರ ಅದರಾಗ ಕ್ಲೋರಿನ್ ಐತಿ. ಅದು ಒಳಗ ಹೋದ್ರ ಭಟ್ಟಿ ಮ್ಯಾಲಿನ ಕೊಳವಿಯೊಳಗ ಸಿಮೆಂಟಿನ ಬಿಸಿ ಪುಡಿ ಅಂಟಿ ಕಟ್ಟಿಕೊಂತತಿ. ಸಲಾಕಿ ಹಿಡ್ದು ಅದನ್ನ ಬಿಡಸಾಕ ಹೋಗಾವ ಮನಿಷಾ ಅಲ್ಲೇನಪಾ?" ಎಂದಿದ್ದರು ಒಮ್ಮೆ.

ಆಗ ಊರ ತುಂಬ ಫ್ಲೆಕ್ಸು. ಗಣಿ ದುಡ್ಡು ಕಂಡವರೆಲ್ಲರ ಹುಟ್ಟುಹಬ್ಬಕ್ಕೂ ಫ್ಲೆಕ್ಸು. ಹಬ್ಬ ಮುಗಿದ ಮೇಲೆ ಅವು ಗುತ್ತಿಗೆದಾರನ ಲಾರಿ ಏರಿ ನಮ್ಮ ಗೇಟಿಗೆ ಬರುತ್ತಿದ್ದವು. ಜ್ವಾಲೆ ಹಸಿರಾಗುತ್ತಿತ್ತು, ಸಾರ್ ವಾಪಸ್ ಕಳಿಸುತ್ತಿದ್ದರು, ಮ್ಯಾನೇಜರು ಸಿಡುಕುತ್ತಿದ್ದರು.

ಹೆಂಡತಿಗೆ ಆಪರೇಷನ್ ಎಂದು ಸಾರ್ ನಾಲ್ಕು ದಿನ ರಜೆ ಹಾಕಿದರು. ಹೋಗುವಾಗ ಲೋಡಿನ ಚೀಟಿಗೆ ಒತ್ತುವ ಲ್ಯಾಬಿನ ಸೀಲನ್ನು ನನ್ನ ಕೈಗೆ ಕೊಟ್ಟು, "ಹೊಟ್ಟು, ಟಯರ್ ಅಷ್ಟ ಬಿಡು. ಪ್ಲಾಸ್ಟಿಕ್ ನಾ ಬರೂತನಕ ನಿಲ್ಲಲಿ" ಎಂದರು.

ಮರುದಿನವೇ ಫ್ಲೆಕ್ಸಿನ ಲಾರಿಗಳು ಬಂದವು. ಹಿಂದೆಯೇ ಮ್ಯಾನೇಜರ ಫೋನು. "ಸೀಲ್ ಒತ್ತಿ ಒಳಗ ಬಿಡು. ಕೆಲಸ ಬೇಕೋ ಬ್ಯಾಡೋ ನಿನಗ?" ಒತ್ತಿದೆ. ನಾಲ್ಕು ದಿನವೂ ಒತ್ತಿದೆ.

ಐದನೆಯ ದಿನ ಕೊಳವೆ ಕಟ್ಟಿತು. ಬಿಡಿಸಲು ಹೋದವನು ಮರಿಯಮ್ಮನಹಳ್ಳಿಯ ಒಬ್ಬ ಕಾರ್ಮಿಕ. ಬೆಂಕಿಯಂಥ ಪುಡಿ ಒಮ್ಮೆಲೇ ಅವನ ಬಲಗೈ ಮೇಲೆ ಸುರಿಯಿತು. ಆ ಕೂಗು ಗೇಟಿನವರೆಗೂ ಕೇಳಿತು...

ಯಾರ ಮಾತಿಗೆ ಸೀಲ್ ಒತ್ತಿದೆ ಎಂದು ವಿಚಾರಣೆಯಲ್ಲಿ ನನ್ನನ್ನು ಕೇಳಿದರು. ಮ್ಯಾನೇಜರು ಎದುರಿಗೇ ಕೂತಿದ್ದರು. "ಲ್ಯಾಬ್ ಸಾರ್ ಫೋನಿನಾಗ ಹೇಳಿದ್ರು" ಎಂದುಬಿಟ್ಟೆ. ಸಾರ್ ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ, ನನ್ನಿಂದ ಇನ್ನೊಂದು ಮಾತು ಬರಬಹುದೆಂದು ಕಾದವರಂತೆ ನೋಡಿದರು. "ನಾ ಹೇಳಿಲ್ರಿ" ಎಂದು ಒಂದೇ ಸಲ ಹೇಳಿದರು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಆ ತಿಂಗಳೇ ಅವರ ಕೆಲಸ ಹೋಯಿತು.

ವರ್ಷ ಕಳೆದ ಮೇಲೆ ತಡೆಯಲಾರದೆ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಮಕ್ಕಳನ್ನು ಕಳಿಸಿ ನನ್ನನ್ನು ಕೂರಿಸಿದರು.

"ಅವತ್ತು ಸುಳ್ಳು ಹೇಳಿದೆ ಸಾರ್."

"ಅದು ನನಗ ಗೊತ್ತೈತಲ್ಲಪಾ. ಕೈ ಸುಟ್ಟುಕೊಂಡಾವಗ ಗೊತ್ತಿಲ್ಲ. ನನ್ನಿಂದ ಆತು ಅಂತ ತಿಳಕೊಂಡಾನ ಅವ. ಹೋಗಿ ಅವಗ ಹೇಳು."

ಚಹಾ ತರಿಸಿದರು. ಕುಡಿಯಲಾಗದೆ ಎದ್ದು ಬಂದೆ.

ನಾನು ಹೋಗಲಿಲ್ಲ. ಎರಡು ಸಲ ಬಸ್ಸು ಹತ್ತಿ ಅರ್ಧ ದಾರಿಯಲ್ಲೇ ಇಳಿದೆ. ಅದಿರಿನ ಲಾರಿಗಳು ನಿಂತವು. ಕಾರ್ಖಾನೆ ಬೇರೆಯವರ ಕೈಗೆ ಹೋಯಿತು, ನಾನು ಬೇರೆ ಕೆಲಸ ಹಿಡಿದೆ. ಎರಡು ವರ್ಷದ ಹಿಂದೆ ಸಾರ್ ತೀರಿಕೊಂಡರು. ಹೋಗಿ, ಎಲ್ಲರ ಹಿಂದೆ ನಿಂತು, ಯಾರಿಗೂ ಮುಖ ತೋರಿಸದೆ ಬಂದೆ.

ಮೊನ್ನೆ ಭಾನುವಾರ ಮರಿಯಮ್ಮನಹಳ್ಳಿಯವರೆಗೂ ಹೋದೆ. ಅವನದೀಗ ಸಣ್ಣ ಕಿರಾಣಿ ಅಂಗಡಿ. ಎಡಗೈಯಲ್ಲಿ ಕಲ್ಲು ಹಿಡಿದು ಬೆಲ್ಲ ಒಡೆಯುತ್ತಿದ್ದ. ಗುರುತು ಹಿಡಿದು, "ಬರ್ರಿ ಅಣ್ಣಾರ, ಕುಂದ್ರಿ" ಎಂದ. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಸೀಲು, ಫೋನು, ನನ್ನ ಸುಳ್ಳು.

ಬೈಯುತ್ತಾನೆಂದುಕೊಂಡಿದ್ದೆ. ಅವನು ನನ್ನತ್ತ ನೋಡಲೂ ಇಲ್ಲ.

"ಕೈ ಸುಟ್ಟ ಮ್ಯಾಲ ಸಾರ್ ನಮ್ಮನಿಗೆ ಬಂದಿದ್ರು, ಹಣ್ಣು ತಗೊಂಡು. ಭಾಳ ಹೊತ್ತು ಹೊರಗ ನಿಂತಿದ್ರು," ಎಂದ. "ನಾ ಬಾಗಲಾ ತಗೀಲಿಲ್ರಿ."