ಟವೆಲ್ಲಿನ ಕೆಳಗೆ ಕೊಂಡ ಗ್ರಾಫಿಕ್ಸ್ ಕಾರ್ಡು

ಗೇಮಿಂಗ್ ಕಂಪ್ಯೂಟರ್ ತಗೊಳ್ತೀನಿ ಎಂದು ನಾನು ಮನೆಯಲ್ಲಿ ಘೋಷಿಸಿದಾಗ ನನ್ನ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಅರವತ್ತು ಸಾವಿರ. ಅದರ ಮೇಲೆ ಒಂದು ರೂಪಾಯಿ ಹೋದ್ರೂ ಕಂಪ್ಯೂಟರ್ ಜೊತೆ ನೀವೂ ಜಗಲಿಗೆ."

ಹೀಗೆ ಆಯವ್ಯಯ ಮಂಡನೆಯಾಗಿ, ಚರ್ಚೆಯಿಲ್ಲದೆ ಅಂಗೀಕಾರವೂ ಆಯಿತು.

ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ನಾನು ಸರ್ವೆ ಇಲಾಖೆಯಲ್ಲಿದ್ದವನು. ಮಧುಗಿರಿ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ ಸರಪಳಿ ಎಳೆಸುತ್ತ, ಅಣ್ಣತಮ್ಮಂದಿರ ಬೈಗುಳದ ನಡುವೆ ಗಡಿಯ ಬಾಂದುಕಲ್ಲು ಹುಡುಕುತ್ತ ಎರಡೂ ಮಂಡಿ ಸವೆಸಿದವನು. ನಕ್ಷೆ ಎನ್ನುವುದು ಭೂಮಿಯನ್ನು ಮೇಲಿನಿಂದ ನೋಡಿದಂತೆ ಬರೆಯುವ ವಸ್ತು. ಸರ್ವೀಸು ಪೂರ್ತಿ ಅದನ್ನೇ ಬರೆದೆ. ಮೇಲಿನಿಂದ ನೋಡಿದ್ದು ಮಾತ್ರ ಒಂದು ಸಲವೂ ಇಲ್ಲ. ವಿಮಾನ ಹಾರಿಸುವ ಒಂದು ಆಟವಿದೆ, ಅದರಲ್ಲಿ ಕೆಳಗಿನ ನೆಲ ಹೇಗಿದೆಯೋ ಹಾಗೇ ಕಾಣುತ್ತದೆ ಎಂದು ತಿಳಿದ ಮೇಲೆ ನನಗೆ ಒಂದೇ ಆಸೆ ಹಿಡಿಯಿತು. ಚನ್ನರಾಯನದುರ್ಗದ ಬೆಟ್ಟದ ಮೇಲೆ ಹಾರಬೇಕು, ಆ ಕೋಟೆಗೋಡೆ ಬೆಟ್ಟವನ್ನು ಹೇಗೆ ಸುತ್ತಿದೆ ಎಂದು ಒಂದೇ ನೋಟದಲ್ಲಿ ನೋಡಬೇಕು. ಕಾಲಲ್ಲಿ ಹತ್ತುವ ಯೋಗ ಇನ್ನಿಲ್ಲ.

ಮಧುಗಿರಿಯ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಬಿಳಿ ಮೀಸೆ ನೋಡಿ, "ಮೊಮ್ಮಗನಿಗಾ ಸಾರ್?" ಅಂದ.

"ನನಗೆ."

ಅವನ ಮುಖದಲ್ಲಿ ಕರುಣೆ ಮೂಡಿತು. "ಭಜನೆ ಕೇಳೋಕೆ ಒಂದು ಟ್ಯಾಬ್ ಸಾಕಲ್ವಾ ಸಾರ್?"

ವಿಮಾನದ ವಿಷಯ ವಿವರಿಸಿದೆ. ಅವನು ಕೂಡಲೇ ಕರುಣೆ ಬಿಟ್ಟು ವ್ಯಾಪಾರಕ್ಕಿಳಿದು ಒಂದು ಗಾಜಿನ ಡಬ್ಬಿಯನ್ನು ಮುಂದಿಟ್ಟ. ಅದರೊಳಗೆ ಆರು ಫ್ಯಾನು. ಆರಕ್ಕೂ ಲೈಟು. ಕೆಂಪು, ನೇರಳೆ, ಹಸಿರು, ಮತ್ತೆ ಕೆಂಪು. ಮದುವೆ ಮನೆಯ ಸೀರಿಯಲ್ ಸೆಟ್ಟನ್ನು ಯಾರೋ ನುಂಗಿ ಅರಗಿಸಿಕೊಳ್ಳಲಾಗದೆ ಒದ್ದಾಡುತ್ತಿರುವಂತಿತ್ತು.

"ಇದರಿಂದ ವಿಮಾನಕ್ಕೇನು ಲಾಭ?"

"ಲುಕ್ಕು ಸಾರ್."

ಲುಕ್ಕನ್ನು ಅವನಿಗೇ ಬಿಟ್ಟು, ಒಂದು ಮಾಮೂಲಿ ಕರಿ ತಗಡಿನ ಡಬ್ಬಿ ಹೇಳಿದೆ. ಕರೆಂಟು ಏರಿಳಿದರೆ ಎಲ್ಲವನ್ನೂ ಸುಡುವಂಥ ಅಗ್ಗದ ಪವರ್ ಸಪ್ಲೈ ಕೊಡಲು ನೋಡಿದ, ಬೇಡವೆಂದು ಗಟ್ಟಿಯದನ್ನೇ ತೆಗೆಸಿದೆ. ಪ್ರೊಸೆಸರು, ಬೋರ್ಡು, ಸ್ಕ್ರೀನು ಎಲ್ಲ ನಿಗದಿಯಾಯಿತು. ಮೆಮೊರಿ ಮಾತ್ರ ಎಂಟು ಜಿಬಿಯದು ಎರಡು ಕಡ್ಡಿ, ಒಟ್ಟು ಹದಿನಾರು ಇರಲೇಬೇಕು, ಇಲ್ಲದಿದ್ದರೆ ಈ ಆಟ ಮುಗ್ಗರಿಸುತ್ತದೆ ಎಂದ. ಅದರ ಬೆಲೆ ದಿನಕ್ಕೊಂದು ಥರ ಏರುತ್ತಿತ್ತು. ಎಲ್ಲಕ್ಕಿಂತ ದುಬಾರಿ ಗ್ರಾಫಿಕ್ಸ್ ಕಾರ್ಡು. ಹೊಸದು ಕೊಂಡರೆ ಒಟ್ಟು ಲೆಕ್ಕ ಅರವತ್ತು ಸಾವಿರ ದಾಟುತ್ತದೆ. "ಸೆಕೆಂಡ್ ಹ್ಯಾಂಡ್ ನೋಡಿ ಸಾರ್, ಶಿರಾದಲ್ಲಿ ಒಬ್ಬರು ಗೇಮಿಂಗ್ ಪಾರ್ಲರ್ ಮುಚ್ಚಿದ್ದಾರೆ" ಅಂದ.

ಶಿರಾ ಎಂಬ ಹೆಸರನ್ನು ನಾನು ಮನೆಯಲ್ಲಿ ಎತ್ತಬಾರದಾಗಿತ್ತು. ಎತ್ತಿದೆ. ಹೆಂಡತಿ ಆ ಊರಿನ ಪಕ್ಕದಲ್ಲೇ ಇರುವ ತನ್ನ ತಮ್ಮನಿಗೆ ಫೋನು ಮಾಡಿದಳು. ನನ್ನ ಈ ಬಾಮೈದ ದನದ ದಲ್ಲಾಳಿ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವವನು. ಆ ವಿದ್ಯೆ ಲೋಕದ ಸಮಸ್ತ ವಸ್ತುಗಳಿಗೂ ಅನ್ವಯವಾಗುತ್ತದೆ ಎಂದು ನಂಬಿದವನು. ಬಸ್‌ಸ್ಟ್ಯಾಂಡಿನಲ್ಲೇ ನನಗಾಗಿ ಕಾದಿದ್ದ, ಹೆಗಲ ಮೇಲೆ ಹೊಸ ಟವೆಲ್ಲು.

"ಭಾವ, ನೀನ್ ಬಾಯ್ ಬುಡಬ್ಯಾಡ. ಓದ್ದೋರು ಬಾಯ್ ಬುಟ್ರೆ ರೇಟ್ ಏರ್ತದೆ."

ಪಾರ್ಲರಿನ ಸಾಬರು ಸಭ್ಯ ಮನುಷ್ಯ. ಕಾರ್ಡನ್ನು ಒಂದು ಮೆಷೀನಿಗೆ ಹಾಕಿ, ಓಡಿಸಿ ತೋರಿಸಿದರು. ಚೆನ್ನಾಗಿಯೇ ಓಡಿತು. ಬಾಮೈದ ಅದನ್ನು ಬಿಚ್ಚಿಸಿ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುವಿದ, ಫ್ಯಾನಿನ ರೆಕ್ಕೆ ಬೆರಳಲ್ಲಿ ಆಡಿಸಿದ, ಕೊನೆಗೆ ಮೂಸಿದ.

"ಗಾಣಕ್ಕೆ ಕಟ್ಟಿದ್ದಂಗೈತಲ್ಲ ಸಾಬ್ರೇ ಇದನ್ನ?"

"ಅರೇ ಚಾಚಾ, ಹುಡುಗ್ರು ಆಟ ಆಡಿದ್ದು ಅಷ್ಟೇ. ಹದಿನೇಳು ಕೊಡಿ, ತಗೊಂಡು ಹೋಗಿ."

ಹದಿನೇಳು ಸಾವಿರ ನನ್ನ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದೆ. ಬಾಮೈದ ನನ್ನ ಮೊಣಕೈ ಹಿಡಿದ. ಬಾಯಲ್ಲಿ ಕೂಗುವ ಬೆಲೆ ಸುತ್ತ ನಿಂತವರಿಗೆ, ಬೆರಳಲ್ಲಿ ಹೇಳುವ ಬೆಲೆಯೇ ನಿಜವಾದದ್ದು ಎಂಬುದು ದನದ ವ್ಯಾಪಾರದ ಸಂವಿಧಾನ. ಅಂಗಡಿಯಲ್ಲಿ ನಾವು ಮೂವರೇ ಇದ್ದೆವು, ಸುತ್ತ ಯಾರೂ ನಿಂತಿರಲಿಲ್ಲ. ಸಂವಿಧಾನಕ್ಕೆ ಅದೆಲ್ಲ ಸಂಬಂಧವಿಲ್ಲ. ಅವನು ಸಾಬರ ಬಲಗೈ ಹಿಡಿದು ಮೇಲೆ ಟವೆಲ್ಲು ಹೊದಿಸಿದ.

ಸಾಬರು ಪಾಪ, ಹಿರಿಯರು ಪ್ರೀತಿಯಿಂದ ಕೈ ಕುಲುಕುತ್ತಿದ್ದಾರೆ ಎಂದುಕೊಂಡರು. ತಾವೂ ಅಂತಃಕರಣದಿಂದ ಇಡೀ ಕೈ ಹಿಡಿದು ಒತ್ತಿದರು. ನಾಲ್ಕು ಸಲ ಒತ್ತಿದರು. ಟವೆಲ್ಲಿನ ಶಾಸ್ತ್ರದಲ್ಲಿ ಇಡೀ ಕೈ ಅಂದರೆ ಐದು, ನಾಲ್ಕು ಸಲ ಅಂದರೆ ಇಪ್ಪತ್ತು. ಬಾಮೈದನ ಹುಬ್ಬು ಮೇಲೇರಿತು. ಕಣ್ಣು ಮುಚ್ಚಿ, ಟವೆಲ್ಲಿನೊಳಗೆ ಏನೋ ಘನವಾದ ಹೋರಾಟ ನಡೆಸಿ, ಒಂದು ಬೆರಳು ಮಡಚಿದ. ಸಾಬರು ನಗುತ್ತ ಇನ್ನೊಮ್ಮೆ ಒತ್ತಿದರು. ಅದನ್ನೇ ಒಪ್ಪಿಗೆಯೆಂದು ಹಿಡಿದು ಬಾಮೈದ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಆಯ್ತು ಭಾವ. ಇಪ್ಪತ್ತಿದ್ದದ್ದ ಹತ್ತೊಂಬತ್ತಕ್ಕೆ ಇಳಿಸ್ಬುಟ್ಟೆ. ಎಣಿಸು."

ಸಾಬರೇ ಗಾಬರಿಯಾದರು. "ಚಾಚಾ, ನಾನು ಕೇಳಿದ್ದೇ ಹದಿನೇಳಲ್ವಾ?"

"ಅದು ಬಾಯ್ ಮಾತು. ಬೆರಳ್ ಕೊಟ್ಟಾಯ್ತು."

"ನಾನೆಲ್ಲಿ ಕೊಟ್ಟೆ?"

"ಹಂಗಾರೆ ನನ್ ಕೈ ಸುಳ್ಳೇಳ್ತಾ?" ಬಾಮೈದನ ದನಿ ಏರಿತು. "ದನದ ಯಾಪಾರದಾಗೆ ಒಂದ್ ದಿನಕ್ಕೂ ಕೊಟ್ಟ ಬೆರಳು ಹಿಂದಕ್ ತಗಂಡೋನಲ್ಲ ನಾನು. ಭಾವ, ನನ್ ಮರ್ವಾದೆ ತೆಗೀಬ್ಯಾಡ, ಎಣಿಸು!"

ಮಾರುವವನು ಕಡಿಮೆ ಕೇಳುತ್ತ, ಕೊಳ್ಳುವವನ ಕಡೆಯವನು ಹೆಚ್ಚು ಕೊಡುವೆನೆಂದು ಜಗಳವಾಡಿದ ದೃಶ್ಯ ನನ್ನ ಸರ್ವೀಸಿನಲ್ಲಿ ನೋಡಿದ್ದಿಲ್ಲ. ಅಣ್ಣತಮ್ಮಂದಿರು ಒಂದು ಗೇಣು ಬದುವಿಗೆ ತಲೆ ಒಡೆದುಕೊಂಡಾಗಲೂ ನನಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಹತ್ತೊಂಬತ್ತು ಎಣಿಸಿದೆ.

ಎತ್ತು ಮಾರಿದರೆ ಹೊಸ ಹಗ್ಗ ಜೊತೆಗೆ ಕೊಡುವುದು ಪದ್ಧತಿ, ಇದಕ್ಕೇನು ಕೊಡ್ತೀರಿ ಎಂದು ಬಾಮೈದ ಕೇಳಿದ. ಸಾಬರು ಸಂಕೋಚದಿಂದ ಸುತ್ತ ನೋಡಿ ಪಾರ್ಲರಿನ ಒಂದು ಕುರ್ಚಿ ತೋರಿಸಿದರು. ಕೆಂಪು ಕಪ್ಪು ರೆಕ್ಸಿನ್ನು, ಎರಡು ಕಡೆ ಕಿವಿ, ನೂರಾರು ಹುಡುಗರ ಬೆವರು ಕುಡಿದು ಹಳಸಿದ ವಾಸನೆ. ಅದನ್ನು ಮಧುಗಿರಿಗೆ ತರಲು ಗೂಡ್ಸ್ ಆಟೋ ಬಾಡಿಗೆ ಬೇರೆ. ಕುರ್ಚಿಯಲ್ಲೇ ಕುಳಿತು, ಗೂಡ್ಸಿನ ಹಿಂದೆ, ದಾರಿಯುದ್ದಕ್ಕೂ ಜನರಿಗೆ ದರ್ಶನ ಕೊಡುತ್ತ ಬಾಮೈದ ನಮ್ಮ ಮನೆ ತಲುಪಿದ.

ಬೆಲೆಯಲ್ಲಿ ಹೋದದ್ದು, ಬಾಡಿಗೆಯಲ್ಲಿ ಹೋದದ್ದು ಸೇರಿ ಮೆಮೊರಿಯ ಎರಡನೇ ಕಡ್ಡಿ ಅರವತ್ತರ ಆಚೆ ಬಿತ್ತು. ಹೆಂಡತಿಯ ಮುಖ ನೋಡಿದೆ. ಅವಳು ಜಗಲಿಯ ಕಡೆ ನೋಡಿದಳು. ಎಂಟಕ್ಕೇ ತೃಪ್ತಿಪಟ್ಟೆ.

ವಿಮಾನ ಹಾರಿತು. ಬೆಂಗಳೂರಿನಿಂದ ಎದ್ದು ವಾಯವ್ಯಕ್ಕೆ ತಿರುಗಿಸಿದೆ. ನೆಲ ಎನ್ನುವುದು ಮುದ್ದೆ ತಿರುವಿದ ಪಾತ್ರೆಯ ತಳದಂತೆ ಕಾಣುತ್ತಿತ್ತು. ಕೊರಟಗೆರೆ ದಾಟಿ, ದೂರದಲ್ಲಿ ದುರ್ಗದ ಬೆಟ್ಟ ಬೂದುಬಣ್ಣದ ಗಂಟಾಗಿ ತಲೆಯೆತ್ತುತ್ತಿದ್ದಂತೆ ಚಿತ್ರ ನಿಂತುಹೋಯಿತು. ಮರುದಿನವೂ ಅಲ್ಲೇ ನಿಂತಿತು. ಯಾವ ಕಡೆಯಿಂದ ಹೋದರೂ ಬೆಟ್ಟ ಹತ್ತಿರವಾದ ಕೂಡಲೇ ಯಂತ್ರ ಉಸಿರುಗಟ್ಟಿ, ವಿಮಾನ ಆಕಾಶದಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತಿತ್ತು.

ಬಾಮೈದ ಆ ಕುರ್ಚಿಯ ವ್ಯಾಮೋಹಕ್ಕೆ ಆಗಾಗ ಬರುತ್ತಿದ್ದ. ನಾನು ಊಟದ ಮನೆಯ ಸ್ಟೂಲಿನಲ್ಲಿ ಕುಳಿತು ಹಾರಿಸುತ್ತಿದ್ದೆ. "ಏನ್ ಭಾವ, ಇಮಾನಾನೂ ನಿನ್ ಮಂಡಿ ಥರಾನೇ ಆಯ್ತಲ್ಲ" ಅಂದ.

ಅದಾದ ಮೇಲೆ ನಾನೊಬ್ಬನೇ ಶಿರಾಕ್ಕೆ ಹೋದೆ. ಸಾಬರು ನನ್ನನ್ನು ನೋಡಿದ ಕೂಡಲೇ ಎದ್ದರು.

"ಆ ಎರಡು ಸಾವಿರ ನಂಗೆ ನಿದ್ದೆ ಕೊಟ್ಟಿಲ್ಲ ಸಾರ್. ತಗೊಳ್ಳಿ."

ವಿಷಯ ಹೇಳಿದೆ. ದುಡ್ಡು ಬೇಡ, ಮೆಮೊರಿ ಇದ್ದರೆ ಕೊಡಿ ಎಂದೆ. ಪಾರ್ಲರಿನ ಮೆಷೀನೊಂದರಿಂದ ಎಂಟರ ಕಡ್ಡಿ ಬಿಚ್ಚಿ, ಅಂಗಿಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿಕೊಟ್ಟರು. ಕುರ್ಚಿ ವಾಪಸ್ಸು ತಗೊಳ್ತೀರಾ ಎಂದು ಕೇಳಿದ್ದಕ್ಕೆ ಮಾತ್ರ ಕೈ ಮುಗಿದುಬಿಟ್ಟರು. ಬಾಗಿಲವರೆಗೆ ಬಂದು ದನಿ ತಗ್ಗಿಸಿ, "ಚಾಚಾಗೆ ಗೊತ್ತಾಗೋದು ಬೇಡ ಸಾರ್. ದೊಡ್ಡ ಮನುಷ್ಯರು, ನೊಂದ್ಕೋತಾರೆ" ಅಂದರು.

ಕಡ್ಡಿ ಕೂರಿಸಿದ ದಿನ ಹಬ್ಬವಿತ್ತು; ಊಟ ಮುಗಿಸಿದ ಬಾಮೈದ ಹಿಂದೆ ಕುರ್ಚಿಯಲ್ಲಿ ತೇಗುತ್ತಿದ್ದಾಗ ನಾನು ಕೊರಟಗೆರೆ ದಾಟಿದೆ. ಚಿತ್ರ ನಿಲ್ಲಲಿಲ್ಲ. ಬೆಟ್ಟ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಬಂಡೆಯ ಮೈಮೇಲೆ ಕೋಟೆಗೋಡೆ ದಾರದೆಳೆಯಂತೆ ಬಿಚ್ಚಿಕೊಂಡಿತು. ನಾನು ಕೆಳಗಿನಿಂದ ಅಂದಾಜಿನಲ್ಲಿ ನೇರವೆಂದು ನಕ್ಷೆಯಲ್ಲಿ ಬರೆದಿದ್ದ ಒಂದು ಕಡೆ ಅದು ಹೊಟ್ಟೆ ಬಿಟ್ಟುಕೊಂಡು ಹೊರಕ್ಕೆ ಬಾಗಿತ್ತು. ಕಣ್ಣು ಒದ್ದೆಯಾಯಿತು ಎಂದು ಬರೆಯುವುದು ನನ್ನ ಅಂತಸ್ತಿಗೆ ತಕ್ಕುದಲ್ಲ.

ಹಿಂದಿನಿಂದ ಕುರ್ಚಿ ಕಿರುಗುಟ್ಟಿತು.

"ನೋಡ್ದಾ ಭಾವ? ಹತ್ತೊಂಬತ್ತು ಅಂದ್ರೆ ಸುಮ್ಕೆ ಅಲ್ಲ ಕಣಪ್ಪ. ಹದಿನೇಳಕ್ಕೆ ತಂದಿದ್ರೆ ಇಂಗೆ ಕಾಣ್ತಿತ್ತಾ?"

"ಕಾಣ್ತಿರಲಿಲ್ಲ ಕಣಯ್ಯ" ಎಂದೆ, ಹಲ್ಲು ಕಚ್ಚಿಕೊಂಡು, ಮತ್ತು ಗೋಡೆ ತಪ್ಪಿಹೋಗದ ಹಾಗೆ ವಿಮಾನವನ್ನು ಎಡಕ್ಕೆ ವಾಲಿಸಿದೆ.