ಅವಳಿಗಳಲ್ಲಿ ಒಬ್ಬಳಿಗೆ ಮಾತ್ರ

ತೈನಾನ್ ಪೇಟೆಯಾಚೆಯ ಕಡಲಂಚಿನಲ್ಲಿ ಹೂಮೀನು ಸಾಕುವ ಊರೊಂದರಲ್ಲಿ ಶ್ಯುತಾವ್, ಚಿನ್‌ಯುನ್ ಎಂಬ ಅವಳಿಗಳಿದ್ದರು. ತುಸು ಮೊದಲು ಹುಟ್ಟಿದ ಶ್ಯುತಾವ್ ಅಕ್ಕ. ಇಬ್ಬರೂ ಅದೆಷ್ಟು ಒಂದೇ ಥರ ಇದ್ದರೆಂದರೆ, ಶಾಲೆಯಲ್ಲಿ ಒಬ್ಬಳ ತಪ್ಪಿಗೆ ಇನ್ನೊಬ್ಬಳು ಕಿವಿ ಹಿಂಡಿಸಿಕೊಳ್ಳುತ್ತಿದ್ದಳು.

ಮದುವೆಯಾಗಿ, ಎರಡನೇ ಹೆರಿಗೆಯಾದ ಮೇಲೆ ತಂಗಿ ಚಿನ್‌ಯುನ್‌ಳ ಕೆನ್ನೆಗಳ ಮೇಲೆ ಕೆಂಪು ಹರಡಿತು. ಬೆರಳ ಗಂಟುಗಳು ಊದಿ ಗಂಜಿಯ ಬಟ್ಟಲು ಹಿಡಿಯುವುದೂ ಕಷ್ಟವಾಯಿತು. ಆಮೇಲೆ ಮೂತ್ರಪಿಂಡಕ್ಕೂ ತಗುಲಿತು. ವೈದ್ಯರು ಲೂಪಸ್ ಎಂದರು: ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ. ಬಿಸಿಲು ಕೂಡದು ಎಂದರು. ಅಂದಿನಿಂದ ಅವಳು ಒಳಗೆ ಕುಳಿತು ಮೀನಿನ ಮುಳ್ಳು ಬಿಡಿಸತೊಡಗಿದಳು. ಅಕ್ಕ ಉರಿಬಿಸಿಲಲ್ಲಿ ಬಲೆ ಎಳೆಯುತ್ತಿದ್ದಳು. ನೆಗಡಿಯೂ ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಚಿನ್‌ಯುನ್‌ಗೆ ನೋವಿಗಿಂತ ಹೆಚ್ಚು ಕಾಡಿದ್ದು ಒಂದು ಪ್ರಶ್ನೆ. ಒಂದೇ ಬಸಿರು, ಒಂದೇ ರಕ್ತ, ನನಗೊಬ್ಬಳಿಗೇ ಏಕೆ? ಅಜ್ಜನ ಸಮಾಧಿಯ ದಿಕ್ಕು ಸರಿಯಿಲ್ಲದ್ದಕ್ಕೇ ಹೀಗಾಯಿತೆಂದು ತಾಯಿ ಹೇಳಿದರೆ, "ಅಕ್ಕನಿಗೂ ಅವ್ರೇ ಅಜ್ಜ ಅಲ್ವೇನಮ್ಮಾ?" ಎನ್ನುವಳು. ಕಂಡ ವೈದ್ಯರನ್ನೆಲ್ಲ ಕೇಳಿದಳು. ಅವರು ಔಷಧಿ ಬರೆದರೇ ಹೊರತು ಉತ್ತರ ಕೊಡಲಿಲ್ಲ.

ಐವತ್ತು ದಾಟಿದ ಮೇಲೆ ಕುವೊ ಎಂಬ ವೈದ್ಯೆ ಸಿಕ್ಕಳು. ಅವಳಿಗೂ ಇದೇ ಗುಂಗು. "ನಿಮ್ಮಕ್ಕನ್ನ ಕರ್ಕೊಂಡ್ ಬನ್ನಿ. ಇಬ್ಬರ ರಕ್ತನೂ ಪಕ್ಕಪಕ್ಕ ಇಟ್ಟು ನೋಡ್ಬೇಕು" ಎಂದಳು.

"ನಂಗ್ಯಾವ ರೋಗ ಅಂತ ಚುಚ್ತಾರೆ?" ಎಂದಳು ಅಕ್ಕ.

"ನಿಂಗೇನೂ ಇಲ್ವಲ್ಲ, ಅದೇ ಅವರಿಗೆ ಬೇಕಿರೋದು. ಸುಮ್ನೆ ಬಾ."

ಅಕ್ಕ ಕಣ್ಣು ಮುಚ್ಚಿ, ತಂಗಿಯ ತೋಳು ಹಿಡಿದು ರಕ್ತ ಕೊಟ್ಟಳು.

ಕೆಲವು ತಿಂಗಳ ಮೇಲೆ ಕುವೊ ಇಬ್ಬರನ್ನೂ ಕೂರಿಸಿಕೊಂಡಳು. "ಜೀನ್‌ಗಳು ಇಬ್ಬರದೂ ಒಂದೇ. ಆದ್ರೆ ಜೀವಕೋಶ ಎಲ್ಲಾ ಜೀನನ್ನೂ ಬಳಸಲ್ಲ, ಬೇಡದ್ದಕ್ಕೆ ಬೀಗ ಹಾಕಿಡುತ್ತೆ. ಚಿನ್‌ಯುನ್ ಅವ್ರೇ, ನಿಮ್ಮ ಬಿಳಿ ಕಣಗಳಲ್ಲಿ, ವೈರಸ್ ಬಂದಾಗ ಮಾತ್ರ ತೆಗೀಬೇಕಾದ ಬೀಗಗಳು ಯಾವಾಗ್ಲೂ ತೆಗೆದೇ ಇವೆ."

"ತೆಗೆದವ್ರು ಯಾರು?"

"ಬಿಸಿಲಿರಬಹುದು, ಬಾಣಂತನದ ಏರುಪೇರು ಇರಬಹುದು. ನಿಜ ಹೇಳ್ಬೇಕಂದ್ರೆ ಗೊತ್ತಿಲ್ಲ." ಆಮೇಲೆ ಕುವೊ ಅಕ್ಕನತ್ತ ತಿರುಗಿದಳು. "ನಿಮ್ಮಲ್ಲೂ ಅವುಗಳಲ್ಲಿ ಕೆಲವು ಸಡಿಲ ಆಗಿವೆ. ಕಾಯಿಲೆ ಮಾತ್ರ ಇಲ್ಲ."

ಶ್ಯುತಾವ್‌ಳ ಮುಖ ಬಿಳಚಿಕೊಂಡಿತು. ಚಿನ್‌ಯುನ್ ಕುರ್ಚಿಯ ತುದಿಗೆ ಸರಿದಳು. "ಅಂದ್ರೆ ಇಷ್ಟು ವರ್ಷ ನಾನು ತಲೆಕೆಳಗಾಗಿ ಕೇಳ್ತಿದ್ದೆ, ಡಾಕ್ಟ್ರೇ. ಇವಳಿಗೆ ಯಾಕೆ ಬರ್ಲಿಲ್ಲ, ಅದನ್ನ ಹುಡುಕ್ಬೇಕಲ್ವಾ?"

"ನಾನೂ ಅದನ್ನೇ ಹುಡುಕೋದು ಅಂತಿದ್ದೀನಿ" ಎಂದಳು ಕುವೊ.

ಮನೆಗೆ ಮರಳುವ ಬಸ್ಸಿನಲ್ಲಿ ಅಕ್ಕ ಅಂದಳು: "ಹೊಟ್ಟೇಲಿದ್ದಾಗ ನಿನ್ನ ಪಾಲಿನ ಕಸುವನ್ನೂ ನಾನೇ ಕಿತ್ಕೊಂಡೆ ಅಂತಿದ್ಲು ಅಮ್ಮ."

"ಅದನ್ನ ನಂಬ್ಕೊಂಡು ಕೂತಿದ್ಯಾ? ಪೆದ್ದೀ."

ಅಕ್ಕ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಚಿನ್‌ಯುನ್‌ಳ ಔಷಧಿ ಬದಲಾಗಲಿಲ್ಲ. ಕೆನ್ನೆಯ ಕೆಂಪು ಈಗಲೂ ಬಂದು ಹೋಗುತ್ತದೆ. ಪ್ರತಿ ಚಳಿಗಾಲ ಮೀನು ಹಿಡಿದು ಮುಗಿದ ಮೇಲೆ ಇಬ್ಬರೂ ಪೇಟೆಗೆ ಹೋಗಿ ರಕ್ತ ಕೊಡುತ್ತಾರೆ. ಈ ಸಲ ಕುವೊಳನ್ನು ಏನು ಕೇಳಬೇಕೆಂದು ಚಿನ್‌ಯುನ್ ದಾರಿಯುದ್ದಕ್ಕೂ ಯೋಚಿಸುತ್ತಾಳೆ.