ಓದದೆ ಬಿಟ್ಟ ಸಾಲು

ತಗಡಿನ ಬಾಗಿಲು ನೆಲ ಕೆರೆಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎಪ್ಪತ್ತರ ದಶಕದ ರಾಜಾಜಿನಗರ. ನಮ್ಮ ವಠಾರದ ಆರು ಮನೆಗಳಿಗೂ ಅದೊಂದೇ ಕಕ್ಕಸು.

ಪಕ್ಕದ ಮನೆಯಾಕೆ ರವಿಕೆ ಹೊಲಿಯುತ್ತಿದ್ದರು. ಕೊರಳಲ್ಲಿ ಸದಾ ಟೇಪು. ನಮ್ಮ ಹೊಸ್ತಿಲು ದಾಟಿದ ಕೂಡಲೇ, "ಮೊದ್ಲು ಒಂದ್ ಲೋಟ ನೀರು ಕೊಡೇ, ಆಮೇಲೆ ಮಾತು" ಎನ್ನುವರು.

ಮೂತ್ರಪಿಂಡದ ತೊಂದರೆಗೆಂದು ಆಸ್ಪತ್ರೆಯಲ್ಲಿ ಅವರಿಗೆ ರೀನೋಗ್ರಾಮ್ ಎಂಬ ಪರೀಕ್ಷೆ ಮಾಡಿದರು. "ಸೂಜಿ ಚುಚ್ಚಿ ಬೆನ್ನಿಗೆ ಮೆಷಿನ್ ಇಟ್ರು ಕಣೇ. ಪೆನ್ನು ತಾನಾಗೇ ಎರಡು ಗುಡ್ಡ ಬರೀತು! ಎಡಗಡೇದು ಸೋಮಾರಿಯಂತೆ, ನಮ್ಮ ಯಜಮಾನ್ರ ಥರ" ಎಂದು ನಗುತ್ತ, ನಲ್ಲಿಯ ಬಳಿ ಎಲ್ಲರೆದುರು ಇಂಗ್ಲಿಷ್ ಚೀಟಿಯನ್ನು ನನ್ನ ಕೈಗಿತ್ತರು. ವಠಾರದಲ್ಲಿ ಕಾನ್ವೆಂಟ್ ಓದಿದವಳು ನಾನೊಬ್ಬಳೇ.

"ರೇಡಿಯೋಆಕ್ಟಿವ್" ಎಂದು ಓದಿ, "ಸೂಜೀಲಿ ಕೊಟ್ಟ ಔಷಧಿ ಅಣುಬಾಂಬಲ್ಲಿ ಇರೋ ಥರದ್ದೇ. ಮೂತ್ರದಲ್ಲಿ ಹೊರಗೆ ಬರತ್ತಂತೆ" ಎಂದೆ.

"ಅಯ್ಯೋ, ಮಕ್ಕಳೂ ಅಲ್ಲೇ ಹೋಗ್ತವಲ್ಲ!" ಎಂದು ಹೆಂಗಸರು ನನ್ನ ಮುಖವನ್ನೇ ನೋಡಿದರು. ಆ ಅಟೆನ್ಷನ್ ಅನ್ನು, ಸುಳ್ಳೇಕೆ, ನಾನು ಎಂಜಾಯ್ ಮಾಡಿದೆ. ಪ್ರಮಾಣ ತೀರ ಕಡಿಮೆ, ಭಯವಿಲ್ಲ, ನೀರು ಹೆಚ್ಚು ಕುಡಿಯಿರಿ ಎಂಬ ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು. ಓದಲಿಲ್ಲ.

ಮರುದಿನ ಕಕ್ಕಸಿಗೆ ಬೀಗ ಬಿತ್ತು. ಅವರದನ್ನು ಬಿಟ್ಟು ಉಳಿದ ಐದು ಮನೆಗೆ ಬೀಗದಕೈ ಕೊಟ್ಟರು, ನಮ್ಮ ಮನೆಯದು ನನ್ನ ಕೈಗೇ. ಪಕ್ಕದ ಮನೆಯಾಕೆ ಕತ್ತಲಾಗುವುದನ್ನು ಕಾದು ಆಚೆಯ ಬಯಲಿಗೆ ಹೋಗತೊಡಗಿದರು. ಹಗಲಲ್ಲಿ ನೀರು ಕುಡಿಯುವುದನ್ನೇ ಬಿಟ್ಟರು. ಆಗಲೂ ನಾನು ಬಾಯಿ ಬಿಡಲಿಲ್ಲ.

ತಿಂಗಳೊಳಗೆ ಮುಖ ಊದಿಕೊಂಡು, ಅವರು ಕೆಂಗೇರಿಯ ತಮ್ಮನ ಮನೆಗೆ ಹೊರಟರು. ಆಟೋ ಹತ್ತುವಾಗ ನಾನು ಓಡಿಹೋಗಿ ನೀರಿನ ಲೋಟ ಚಾಚಿದೆ.

"ಬೇಡ ಕಣೇ" ಎಂದರು. "ದಾರೀಲಿ ಎಲ್ಲಿಗೆ ಹೋಗ್ಲಿ?"